ಹಳೇ ಪಿಸಿಯಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್‌ನಲ್ಲಿ ಗೇಮ್ ಆಡುವುದು ಹೇಗೆ: ಮೊದಲಿನಿಂದ ಕೊನೆಯವರೆಗೆ

ನನ್ನ ಪಿಸಿ 2017ರದು. ಪುಣೆಯ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ನಾಲ್ಕಾರು ಅಂಗಡಿ ತಿರುಗಿ, ಒಂದೊಂದೇ ಸಾಮಾನು ಕೊಂಡು ಜೋಡಿಸಿದ್ದು. ಏಳನೇ ಜನರೇಶನ್ನಿನ ಐ5, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು, 16 ಜಿಬಿ ರ‍್ಯಾಮ್. ಒಂದು ಫ್ಯಾನ್ ಬದಲಿಸಿದ್ದು ಬಿಟ್ಟರೆ ಇದುವರೆಗೆ ಏನೂ ಕೆಟ್ಟಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 11 ನೋಡಿದರೆ, ಇಂಟೆಲ್‌ನ ಎಂಟನೇ ಜನರೇಶನ್ನಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ಹೆಚ್ಚುಕಡಿಮೆ ಒಪ್ಪುವುದೇ ಇಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ನನ್ನದಾದ ಮೇಲೆ ಅಣ್ಣನ ಮಗನ ಪಿಸಿಗೂ ಹಾಕಿಕೊಟ್ಟೆ. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯನ್ನು ಒಂದು ಸಲವೂ ತೆರೆಯಬೇಕಾಗಿಲ್ಲ. ಮೌಸ್ ಹಿಡಿಯಲು ಬಂದರೆ ಸಾಕು.

ಮೊದಲು ಆಟಗಳ ಪಟ್ಟಿ, ಆಮೇಲೆ ಲಿನಕ್ಸ್

ಎಲ್ಲರೂ ಮೊದಲು ಕೇಳುವುದು "ಯಾವ ಲಿನಕ್ಸ್ ಹಾಕಲಿ?" ಅಂತ. ಅದನ್ನು ಆಮೇಲೆ ನೋಡೋಣ. ಮೊದಲು ಒಂದು ಹಾಳೆ ತಗೊಂಡು, ಕಳೆದ ಆರು ತಿಂಗಳಲ್ಲಿ ನೀವು ಆಡಿದ ಆಟಗಳ ಹೆಸರು ಬರೆಯಿರಿ. ಸೇಲ್‌ನಲ್ಲಿ ಕೊಂಡು ಹಾಗೇ ಇಟ್ಟಿರುವ ಆಟಗಳು ಬೇಡ, ಆಡಿದ್ದು ಮಾತ್ರ. ಲಿನಕ್ಸ್ ನಿಮಗೆ ಸರಿಯೋ ಅಲ್ಲವೋ ಎಂದು ಹೇಳುವುದು ಆ ಹಾಳೆಯೇ.

ಅಣ್ಣನ ಮಗ ಇಲ್ಲೇ ಆಕುರ್ಡಿಯಲ್ಲಿ ಇದ್ದುಕೊಂಡು ಎಂಜಿನಿಯರಿಂಗ್ ಓದುತ್ತಾನೆ. ನನ್ನ ಪಿಸಿ ನೋಡಿ ಅವನು ಕೇಳಿದ ಮೊದಲ ಮಾತು:

"ಕಾಕಾ, ಇದರಾಗ ವ್ಯಾಲೊರಂಟ್ ನಡೀತದೇನು?"

"ಇಲ್ಲಪಾ, ಅದು ನಡಿಯೂದಿಲ್ಲ."

"ಹಂಗಾದ್ರ ನನಗ ಬ್ಯಾಡ."

ಅವನು ಹೇಳಿದ್ದು ಸರಿಯೇ. ರಾತ್ರಿ ಹತ್ತಕ್ಕೆ ಐದು ಜನ ಗೆಳೆಯರು ಕೂಡಿ ಆಡುವ ಆಟ ಅದು. ಅದನ್ನು ಬಿಟ್ಟು ಲಿನಕ್ಸ್‌ಗೆ ಬಾ ಎಂದರೆ ಗೆಳೆಯರನ್ನು ಬಿಟ್ಟು ಬಾ ಎಂದ ಹಾಗೆ. ಅದಕ್ಕೇ ಅವನ ಪಿಸಿಯಲ್ಲಿ ಎರಡೂ ಇಟ್ಟೆವು. ಆ ಕೆಲಸ ಹೇಗೆ ಮಾಡಿದೆವು ಎಂದು ಮುಂದೆ ಹೇಳುತ್ತೇನೆ.

ಪಟ್ಟಿ ಸಿದ್ಧವಾದ ಮೇಲೆ ಪ್ರೋಟಾನ್‌ಡಿಬಿ ಎಂಬ ಜಾಲತಾಣಕ್ಕೆ ಹೋಗಿ ಒಂದೊಂದೇ ಹೆಸರು ಹುಡುಕಿ. ಆಡಿದವರು ಬರೆದ ಅನುಭವಗಳ ಮೇಲೆ ಪ್ರತಿ ಆಟಕ್ಕೂ ಅಲ್ಲಿ ದರ್ಜೆ ಇರುತ್ತದೆ. ಪ್ಲಾಟಿನಮ್, ಗೋಲ್ಡ್ ಇದ್ದರೆ ಚಿಂತೆ ಬೇಡ. ಸಿಲ್ವರ್ ಎಂದರೆ ಸ್ವಲ್ಪ ಕೈಯಾಡಿಸಬೇಕು. ಬ್ರಾಂಜ್ ಎಂದರೆ ತಾಳ್ಮೆ ಬೇಕು. ಬೋರ್ಕ್ಡ್ ಎಂದರೆ ನಡೆಯುವುದಿಲ್ಲ. ಬರೀ ದರ್ಜೆ ನೋಡಿ ಬಿಡಬೇಡಿ. ಕೆಳಗೆ ಇಳಿದು, ನಿಮ್ಮಂಥದ್ದೇ ಕಾರ್ಡು ಇರುವವರು ಇತ್ತೀಚೆಗೆ ಏನು ಬರೆದಿದ್ದಾರೆ ಅಂತ ಓದಿ. ಎರಡು ವರ್ಷ ಹಳೆಯ ದೂರು ಇವತ್ತಿಗೆ ಹೊಂದುವುದು ಕಡಿಮೆ.

ನಡೆಯದೇ ಇರುವುದು ಯಾವುದು, ಯಾಕೆ?

ವಿಂಡೋಸ್‌ಗೆ ಬರೆದ ಆಟ ಲಿನಕ್ಸ್‌ನಲ್ಲಿ ಹೇಗೆ ಓಡುತ್ತದೆ? ಧಾರವಾಡದಿಂದ ಅವ್ವ ಬಂದಾಗ ನಾನು ಅವಳನ್ನು ಇಲ್ಲಿನ ತರಕಾರಿ ಮಾರುಕಟ್ಟೆ ಮಂಡಈಗೆ ಕರೆದುಕೊಂಡು ಹೋಗುತ್ತೇನೆ. ಅವಳು ಕನ್ನಡದಲ್ಲಿ ಕೇಳುತ್ತಾಳೆ, ನಾನು ಅಂಗಡಿಯವರಿಗೆ ಮರಾಠಿಯಲ್ಲಿ ಹೇಳುತ್ತೇನೆ, ಅವರು ಹೇಳಿದ್ದನ್ನು ಮತ್ತೆ ಇವಳಿಗೆ ಕನ್ನಡದಲ್ಲಿ ಹೇಳುತ್ತೇನೆ. ಪ್ರೋಟಾನ್ ಎಂಬ ಸಾಫ್ಟ್‌ವೇರ್ ಮಾಡುವುದು ಇದೇ ಕೆಲಸ. 1993ರಲ್ಲಿ ಶುರುವಾದ ವೈನ್ ಎಂಬ ಯೋಜನೆಯ ಮೇಲೆ ವಾಲ್ವ್ ಕಂಪನಿ ಇದನ್ನು ಕಟ್ಟಿ 2018ರ ಆಗಸ್ಟ್‌ನಲ್ಲಿ ಆಟ ಮಾರುವ ತನ್ನ ಸ್ಟೀಮ್ ಆ್ಯಪ್ ಜೊತೆಗೆ ಕೊಟ್ಟಿತು. ಆಟ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಚಿತ್ರ ಕೇಳುತ್ತದೆ, ಪ್ರೋಟಾನ್ ಒಳಗಿನ ಡಿಎಕ್ಸ್‌ವಿಕೆ ಎಂಬ ಭಾಗ ಅದನ್ನು ವಲ್ಕನ್ ಭಾಷೆಗೆ ತಿರುಗಿಸಿ ಕಾರ್ಡಿಗೆ ಹೇಳುತ್ತದೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಒಳಗೆ ಇರುವುದೂ ಲಿನಕ್ಸೇ. ಆ ಕೈಯಂತ್ರಕ್ಕಾಗಿ ಮಾಡಿದ ಕೆಲಸದ ಲಾಭ ನಮ್ಮ ಪಿಸಿಗಳಿಗೂ ಸಿಕ್ಕಿದೆ.

ಹಾಗಿದ್ದರೆ ತೊಂದರೆ ಎಲ್ಲಿ? ಮೋಸ ತಡೆಯುವ ಆಂಟಿಚೀಟ್ ಸಾಫ್ಟ್‌ವೇರ್‌ನಲ್ಲಿ. ಕೆಲವು ಆಂಟಿಚೀಟ್‌ಗಳು ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ ಕೂತು ಇಡೀ ಯಂತ್ರವನ್ನು ಕಾಯುತ್ತವೆ. ನಡುವೆ ದುಭಾಷಿ ನಿಂತಿರುವುದನ್ನು ಅವು ಸಹಿಸುವುದಿಲ್ಲ. ವ್ಯಾಲೊರಂಟ್, ಲೀಗ್ ಆಫ್ ಲೆಜೆಂಡ್ಸ್, ಫೋರ್ಟ್‌ನೈಟ್, ಬ್ಯಾಟಲ್‌ಫೀಲ್ಡ್ 6 ಇದೇ ಕಾರಣಕ್ಕೆ ನಡೆಯುವುದಿಲ್ಲ. ಎಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ನಲ್ಲಿ ನಡೆಯುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಅವರೇ ಮುಚ್ಚಿದರು. ಜಿಟಿಎ 5ರ ಕಥೆ ಆಡಬಹುದು, ಆನ್‌ಲೈನ್ ಆಗುವುದಿಲ್ಲ.

ಇದು ಲಿನಕ್ಸ್‌ನ ಕೈಲಾಗದ ಕೆಲಸವಲ್ಲ. ಈಸಿ ಆಂಟಿಚೀಟ್ ಮತ್ತು ಬ್ಯಾಟಲ್‌ಐ ಎರಡಕ್ಕೂ 2021ರಿಂದ ಪ್ರೋಟಾನ್ ಬೆಂಬಲ ಇದೆ. ಆಟ ಮಾಡಿದವರು ಅದನ್ನು ತೆರೆದಿಡಬೇಕು, ಅಷ್ಟೇ. ಎಲ್ಡನ್ ರಿಂಗ್ ತೆರೆದಿದೆ, ಚೆನ್ನಾಗಿ ನಡೆಯುತ್ತದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬ್ಯಾಂಕಿನ ಕೆಲಸ, ಮಗಳ ಶಾಲೆಯ ಕೆಲಸ, ಮನೆಯ ಫೋಟೋ ಎಲ್ಲ ಇರುವ ಯಂತ್ರದ ಕರ್ನಲ್‌ನಲ್ಲಿ ಒಂದು ಆಟ ಬಂದು ಕೂರುವುದು ನನಗೆ ಸರಿ ಕಾಣುವುದಿಲ್ಲ.

ಮಕ್ಕಳಿರುವ ಮನೆಗೆ ಒಂದು ಮಾತು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಲಿನಕ್ಸ್‌ಗೆಂದೇ ಇದೆ. ಬೆಡ್‌ರಾಕ್ ಆವೃತ್ತಿ ಇಲ್ಲ. ರಾಬ್ಲಾಕ್ಸ್‌ಗೆ ಅಧಿಕೃತ ಬೆಂಬಲವಿಲ್ಲ, ಸೋಬರ್ ಎಂಬ ಹೊರಗಿನವರ ಆ್ಯಪ್ ಮೂಲಕ ಆಡಬಹುದು.

ಕಾರ್ಡು ಯಾವುದು?

ಎಎಂಡಿ ಕಾರ್ಡು ಇದ್ದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಲಿನಕ್ಸ್ ಒಳಗೇ ಬರುತ್ತದೆ, ಏನೂ ಮಾಡಬೇಕಿಲ್ಲ. ಎನ್ವಿಡಿಯಾ ಇದ್ದರೆ ಡ್ರೈವರ್ ಹಾಕಬೇಕು. ನನ್ನ 1060ರಂಥ 10 ಸರಣಿಯ ಕಾರ್ಡುಗಳಿಗೆ ಮತ್ತು 900 ಸರಣಿಗೆ 580 ಸಂಖ್ಯೆಯ ಡ್ರೈವರ್ ಸಾಲೇ ಕೊನೆಯದು. ಅದಕ್ಕಿಂತ ಹೊಸದು ಹಾಕಲು ಹೋಗಬೇಡಿ. ಇನ್ನೂ ಹಳೆಯ 600 ಸರಣಿಯ ಕಾರ್ಡುಗಳಲ್ಲಿ, ನಾಲ್ಕನೇ ಜನರೇಶನ್ನಿನವರೆಗಿನ ಇಂಟೆಲ್ ಗ್ರಾಫಿಕ್ಸ್‌ನಲ್ಲಿ ವಲ್ಕನ್ ಸರಿಯಾಗಿ ಇಲ್ಲ. ಅಲ್ಲಿ ಹೊಸ ಆಟದ ಆಸೆ ಇಟ್ಟುಕೊಳ್ಳಬೇಡಿ.

ಯಾವ ಲಿನಕ್ಸ್?

ಎರಡೇ ಹೆಸರು ಹೇಳುತ್ತೇನೆ, ನಾನು ಹಾಕಿ ನೋಡಿದ್ದು. ಲಿನಕ್ಸ್ ಮಿಂಟ್ 22, ಸಿನಮನ್ ಆವೃತ್ತಿ. ನೋಡಲು ವಿಂಡೋಸ್ ಥರವೇ ಇದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಮನೆಮಂದಿ ಎಲ್ಲ ಬಳಸುವ ಯಂತ್ರಕ್ಕೆ ಇದೇ ಸರಿ. ಎರಡನೆಯದು ಬ್ಯಾಝೈಟ್. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು, ಆಟಕ್ಕೆಂದೇ ಮಾಡಿದ್ದು. ಸ್ಟೀಮ್, ಡ್ರೈವರ್ ಎಲ್ಲ ಹಾಕಿಯೇ ಬರುತ್ತದೆ. ಅದರ ಒಡಲು ಬದಲಿಸಲಾಗದ ಹಾಗೆ ಬೀಗ ಹಾಕಿರುತ್ತದೆ. ಒಂದು ಅಪ್‌ಡೇಟ್ ಕೆಟ್ಟರೆ ಪಿಸಿ ಶುರುವಾಗುವಾಗ ಹಿಂದಿನ ಆವೃತ್ತಿ ಆರಿಸಿದರೆ ನಿನ್ನೆ ಇದ್ದ ಹಾಗೆಯೇ ಬರುತ್ತದೆ. ನನ್ನ ಪಿಸಿಗೆ ಮಿಂಟ್, ಆರ್‌ಟಿಎಕ್ಸ್ 3050 ಇರುವ ಅಣ್ಣನ ಮಗನ ಪಿಸಿಗೆ ಬ್ಯಾಝೈಟ್.

ಅಳಿಸುವ ಮುಂಚೆ

ಈ ಭಾಗ ದಯವಿಟ್ಟು ನಿಧಾನವಾಗಿ ಓದಿ. ನಾನು ಇಲ್ಲಿ ಎಡವಿದ್ದೇನೆ.

ಸ್ಟೀಮ್‌ನಲ್ಲಿ ಆಟದ ಪುಟದ ಮೇಲೆ ಮೋಡದ ಗುರುತು ಇದ್ದರೆ ನೀವು ಆಡಿದ್ದು ಅವರ ಸರ್ವರ್‌ನಲ್ಲೂ ಉಳಿದಿರುತ್ತದೆ. ಎಲ್ಲ ಆಟಕ್ಕೂ ಆ ಗುರುತು ಇರುವುದಿಲ್ಲ. ನಾನು ಎಲ್ಲಕ್ಕೂ ಇದೆ ಎಂದುಕೊಂಡು ಡಿಸ್ಕ್ ಅಳಿಸಿದೆ. ಒಂದು ಹಳೆಯ ಆಟದ ತೊಂಬತ್ತು ಗಂಟೆಯ ಸೇವ್ ಹೋಯಿತು. ಮಳೆಗಾಲದ ರಜೆಗಳಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದ ಆಟ ಅದು. ಮತ್ತೆ ಶುರು ಮಾಡಲು ಇನ್ನೂ ಮನಸ್ಸಾಗಿಲ್ಲ. ಹಾಗಾಗಿ ಡಾಕ್ಯುಮೆಂಟ್ಸ್ ಒಳಗೆ, ಸೇವ್ಡ್ ಗೇಮ್ಸ್ ಒಳಗೆ, ಮರೆಯಾಗಿರುವ ಆ್ಯಪ್‌ಡೇಟಾ ಒಳಗೆ ಹುಡುಕಿ, ನಿಮ್ಮ ಪಟ್ಟಿಯ ಪ್ರತಿ ಆಟದ ಸೇವ್ ಬೇರೆ ಡಿಸ್ಕಿಗೆ ನಕಲು ಮಾಡಿ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಪಿಸಿಯ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಏನಾದರೂ ಬದಲಿಸಿದರೆ ವಿಂಡೋಸ್ ಅದನ್ನು ಕೇಳಬಹುದು. ವಿಂಡೋಸ್ ಉಳಿಸಿಕೊಳ್ಳುವವರು ಕಂಟ್ರೋಲ್ ಪ್ಯಾನಲ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಬಂದ್ ಆಗುವುದಿಲ್ಲ, ಅದರ ಡಿಸ್ಕ್ ಲಿನಕ್ಸ್‌ನಲ್ಲಿ ಸರಿಯಾಗಿ ತೆರೆಯುವುದಿಲ್ಲ.

ಇಳಿಸಿದ ಆಟಗಳನ್ನೂ ಎಸೆಯಬೇಡಿ. ರೆಡ್ ಡೆಡ್ ರಿಡೆಂಪ್ಶನ್ 2 ಒಂದೇ 100 ಜಿಬಿಗಿಂತ ಜಾಸ್ತಿ. ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರನ್ನು ಬಿಡಿ ಡಿಸ್ಕಿಗೆ ನಕಲು ಮಾಡಿಡಿ, ಆಮೇಲೆ ಬೇಕಾಗುತ್ತದೆ.

ಪೆನ್‌ಡ್ರೈವ್, ಪರೀಕ್ಷೆ

16 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ ಇಳಿಸಿ. ಸುಮಾರು 3 ಜಿಬಿ ಇರುತ್ತದೆ. ಬಲೇನಾ ಎಚರ್ ಎಂಬ ಪುಟ್ಟ ಸಾಫ್ಟ್‌ವೇರ್‌ನಲ್ಲಿ ಫೈಲ್ ಆರಿಸಿ, ಪೆನ್‌ಡ್ರೈವ್ ಆರಿಸಿ, ಬಟನ್ ಒತ್ತಿ. ಪೆನ್‌ಡ್ರೈವ್‌ನಲ್ಲಿ ಇದ್ದುದೆಲ್ಲ ಅಳಿದುಹೋಗುತ್ತದೆ, ನೆನಪಿರಲಿ.

ಪಿಸಿ ಮತ್ತೆ ಶುರು ಮಾಡುವಾಗ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಎಂಎಸ್‌ಐ ಬೋರ್ಡಿನಲ್ಲಿ ಎಫ್11. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಅದರಿಂದಲೇ ಓಡುತ್ತದೆ, ಡಿಸ್ಕ್ ಮುಟ್ಟುವುದಿಲ್ಲ. ಇಲ್ಲಿ ಅರ್ಧ ಗಂಟೆ ಕಳೆಯಿರಿ. ವೈಫೈ ಸಿಗುತ್ತದೆಯೇ, ಸೌಂಡ್ ಬರುತ್ತದೆಯೇ, ಬ್ಲೂಟೂತ್ ಹೆಡ್‌ಫೋನ್ ಸೇರುತ್ತದೆಯೇ ನೋಡಿ. ವೈಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ, ಹೆಚ್ಚಾಗಿ ಕೂಡಲೇ ಇಂಟರ್‌ನೆಟ್ ಬರುತ್ತದೆ. ಡ್ರೈವರ್ ಇಳಿಸುವವರೆಗೆ ಅಷ್ಟೇ ಸಾಕು.

ಹಾಕುವ ದಿನ

ವಿಂಡೋಸ್ ಪೂರ್ತಿ ಬಿಡುವವರಿಗೆ ಕೆಲಸ ಸುಲಭ. ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಒತ್ತಿ, ಡಿಸ್ಕ್ ಅಳಿಸಿ ಹಾಕು ಎಂದು ಹೇಳಿ, ಹೆಸರು ಪಾಸ್‌ವರ್ಡ್ ಕೊಡಿ. ವಿಡಿಯೋ, ಹಾಡು ಓಡಿಸಲು ಬೇಕಾದ ಕೋಡೆಕ್ ಹಾಕಲೇ ಎಂದು ಕೇಳಿದಾಗ ಹೂಂ ಎನ್ನಿ.

ಎರಡೂ ಬೇಕು ಎನ್ನುವವರಿಗೆ ನನ್ನ ಸಲಹೆ ಒಂದೇ: ಲಿನಕ್ಸ್‌ಗೆ ಬೇರೆಯದೇ ಎಸ್‌ಎಸ್‌ಡಿ ತನ್ನಿ. ಒಂದೇ ಡಿಸ್ಕನ್ನು ಹಂಚಿಕೊಂಡರೆ ಒಂದಲ್ಲ ಒಂದು ದಿನ ವಿಂಡೋಸ್ ಅಪ್‌ಡೇಟ್ ಲಿನಕ್ಸ್‌ನ ದಾರಿ ಮುಚ್ಚಬಹುದು. ಅಣ್ಣನ ಮಗ ಬಂದ ಭಾನುವಾರ ಅವನ ಕ್ಯಾಬಿನೆಟ್ಟನ್ನು ನೆಲದ ಮೇಲೆ ಮಲಗಿಸಿದೆವು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿದೆವು. ಎರಡು ಸ್ಕ್ರೂ ಬಿಚ್ಚಿ ಪಕ್ಕದ ಬಾಗಿಲು ತೆಗೆದರೆ ವಿಂಡೋಸ್ ಇದ್ದ ಎಸ್‌ಎಸ್‌ಡಿಯಿಂದ ಕೆಂಪು ಸಾಟಾ ಕೇಬಲ್ ಬೋರ್ಡಿಗೆ ಹೋಗಿತ್ತು. ಅದರ ತುದಿಯಲ್ಲಿ ಚಿಕ್ಕ ಲೋಹದ ಕ್ಲಿಪ್ ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ, ನೇರವಾಗಿ ಎಳೆಯಬೇಕು. ಓರೆ ಎಳೆದರೆ ಡಿಸ್ಕಿನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಅವನು ಉಸಿರು ಬಿಗಿಹಿಡಿದು ಎಳೆದ, ಟಕ್ ಎಂದು ಬಂತು. ಆಗ ಪಿಸಿಯಲ್ಲಿ ಉಳಿದದ್ದು ಹೊಸ ಎಸ್‌ಎಸ್‌ಡಿ ಒಂದೇ. ತಪ್ಪು ಡಿಸ್ಕ್ ಅಳಿಸುವ ಮಾತೇ ಇಲ್ಲ. ಬ್ಯಾಝೈಟ್ ಹಾಕಿ ಮುಗಿದ ಮೇಲೆ ಕೇಬಲ್ ಮತ್ತೆ ಜೋಡಿಸಿದೆವು. ಯಾವುದು ಬೇಕೋ ಅದನ್ನು ಬೂಟ್ ಮೆನುವಿನಲ್ಲಿ ಆರಿಸುತ್ತಾನೆ.

ಗುರುತಿಲ್ಲದ ಸಿಸ್ಟಮ್ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಎಂಬ ಬಯಾಸ್ ಸೆಟ್ಟಿಂಗನ್ನು ಆಫ್ ಮಾಡಿ ಎಂದು ಹಲವರು ಹೇಳುತ್ತಾರೆ. ವ್ಯಾಲೊರಂಟ್ ಆಡುವವರು ಆ ಮಾತು ಕೇಳಬೇಡಿ. ವಿಂಡೋಸ್ 11ರಲ್ಲಿ ಆ ಆಟಕ್ಕೆ ಸೆಕ್ಯೂರ್ ಬೂಟ್ ಬೇಕೇ ಬೇಕು. ಬ್ಯಾಝೈಟ್ ಅದರ ಜೊತೆಗೂ ನಡೆಯುತ್ತದೆ. ಹಾಕಿದ ಮೇಲೆ ಮೊದಲ ಸಲ ಶುರುವಾಗುವಾಗ ನೀಲಿ ಪರದೆ ಬರುತ್ತದೆ. ಹತ್ತು ಸೆಕೆಂಡ್ ಒಳಗೆ ಒಂದು ಕೀ ಒತ್ತಿ, ಎನ್‌ರೋಲ್ ಎಂಒಕೆ ಆರಿಸಿ, ಮುಂದುವರಿದು, ಪಾಸ್‌ವರ್ಡ್ ಕೇಳಿದಾಗ ಯೂನಿವರ್ಸಲ್‌ಬ್ಲೂ (universalblue) ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಜಾಗ ಬಿಡದೆ ಟೈಪ್ ಮಾಡಿ. ಟೈಪ್ ಮಾಡುವಾಗ ಏನೂ ಕಾಣಿಸದಿದ್ದರೂ ಗಾಬರಿ ಬೇಡ.

ಎರಡೂ ಇಟ್ಟುಕೊಂಡವರಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಪಿಸಿಯ ಒಳಗಡಿಯಾರವನ್ನು ಲಿನಕ್ಸ್ ಯುಟಿಸಿ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದುಕೊಳ್ಳುತ್ತದೆ. ಬ್ಯಾಟರಿ ಹೋಗಿಲ್ಲ. ವಿಂಡೋಸ್‌ನ ದಿನಾಂಕ ಸೆಟ್ಟಿಂಗ್‌ಗೆ ಹೋಗಿ ಸಿಂಕ್ ನೌ ಒತ್ತಿದರೆ ಸರಿಯಾಗುತ್ತದೆ.

ಡ್ರೈವರ್, ಡಿಸ್ಕ್, ಸ್ಟೀಮ್

ಮಿಂಟ್‌ನಲ್ಲಿ ಮೊದಲು ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ. ಆಮೇಲೆ ಡ್ರೈವರ್ ಮ್ಯಾನೇಜರ್. ಎನ್ವಿಡಿಯಾ ಕಾರ್ಡಿಗೆ ರೆಕಮೆಂಡೆಡ್ ಎಂದು ತೋರಿಸುವುದನ್ನು ಆರಿಸಿ, ಪಿಸಿ ಮತ್ತೆ ಶುರು ಮಾಡಿ. ಬ್ಯಾಝೈಟ್‌ನಲ್ಲಿ ಇದು ಬೇಡ. ಆದರೆ ಇಳಿಸುವಾಗಲೇ ಯಾವ ಕಾರ್ಡು ಎಂದು ತಾಣ ಕೇಳುತ್ತದೆ, ಸರಿಯಾಗಿ ಹೇಳಿ. 10 ಸರಣಿಗೆ ಬೇರೆ ಫೈಲ್, 16 ಸರಣಿ ಮತ್ತು ಆರ್‌ಟಿಎಕ್ಸ್‌ಗೆ ಬೇರೆ.

ಆಟಗಳನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲೇ ಇಟ್ಟು ಲಿನಕ್ಸ್‌ನಿಂದ ಆಡಲು ಹೋಗಬೇಡಿ. ಪ್ಲೇ ಒತ್ತಿದರೆ ಸುಮ್ನೆ ಒಂದು ಕ್ಷಣ ತೆರೆದು ಮುಚ್ಚಿಕೊಳ್ಳುತ್ತದೆ, ಯಾಕೆಂದು ಗೊತ್ತಾಗುವುದೇ ಇಲ್ಲ. ಮಿಂಟ್‌ನ ಡಿಸ್ಕ್ಸ್ ಆ್ಯಪ್‌ನಲ್ಲಿ ಆಟದ ಡಿಸ್ಕನ್ನು ಲಿನಕ್ಸ್‌ನ ಸ್ವಂತ ಮಾದರಿಯಾದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ (ಡಿಸ್ಕಿನಲ್ಲಿ ಇದ್ದುದೆಲ್ಲ ಅಳಿಯುತ್ತದೆ), ಅದೇ ಮೆನುವಿನಲ್ಲಿ ಟೇಕ್ ಓನರ್‌ಶಿಪ್ ಒತ್ತಿ.

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಹುಡುಕಿದರೆ ಎರಡು ಬಗೆ ಕಾಣುತ್ತದೆ. ಸಿಸ್ಟಮ್ ಪ್ಯಾಕೇಜ್ ಆರಿಸಿ. ಫ್ಲಾಟ್‌ಪ್ಯಾಕ್ ಬಗೆಯದಕ್ಕೆ ಬೇರೆ ಡಿಸ್ಕ್ ತಾನಾಗಿ ಕಾಣುವುದಿಲ್ಲ. ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಹೊಸ ಡಿಸ್ಕ್ ಸೇರಿಸಿ. ಈಗ ನಕಲು ಮಾಡಿಟ್ಟ ಆಟದ ಫೋಲ್ಡರನ್ನು ಹೊಸ ಡಿಸ್ಕಿನ ಕಾಮನ್ ಒಳಗೆ ಹಾಕಿ, ಸ್ಟೀಮ್‌ನಲ್ಲಿ ಆ ಆಟದ ಇನ್‌ಸ್ಟಾಲ್ ಒತ್ತಿ. ಅಲ್ಲಿ ಇರುವ ಫೈಲ್‌ಗಳನ್ನು ಸ್ಟೀಮ್ ಪರೀಕ್ಷಿಸಿ, ಇಲ್ಲದ್ದನ್ನಷ್ಟೇ ಇಳಿಸುತ್ತದೆ.

ಸೆಟ್ಟಿಂಗ್‌ನ ಕಂಪ್ಯಾಟಿಬಿಲಿಟಿ ಪುಟವನ್ನು ಒಮ್ಮೆ ನೋಡಿ. ಎಲ್ಲ ಆಟಗಳಿಗೂ ಸ್ಟೀಮ್ ಪ್ಲೇ ಎಂಬ ಆಯ್ಕೆ ಅಲ್ಲಿದ್ದರೆ ಚಾಲೂ ಮಾಡಿ. ಹೊಸ ಸ್ಟೀಮ್‌ನಲ್ಲಿ ಅದು ಮೊದಲೇ ಚಾಲೂ ಇರುತ್ತದೆ. ಪ್ಲೇ ಒತ್ತಿ, ಅಷ್ಟೇ.

ಮೊದಲ ಸಲ ವಲ್ಕನ್ ಶೇಡರ್ (ಕಾರ್ಡು ಚಿತ್ರ ಬಿಡಿಸಲು ಬಳಸುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗುತ್ತಿದೆ ಎಂಬ ಪುಟ್ಟ ಕಿಟಕಿ ಬರುತ್ತದೆ. ನನ್ನ ನಾಲ್ಕು ಕೋರ್‌ನ ಐ5ರಲ್ಲಿ ದೊಡ್ಡ ಆಟಕ್ಕೆ ಹತ್ತು ಹದಿನೈದು ನಿಮಿಷ ಹಿಡಿದದ್ದುಂಟು. ಸ್ಕಿಪ್ ಬಟನ್ ಇದೆ, ಒತ್ತಬೇಡಿ. ಒತ್ತಿದರೆ ಆಟದ ನಡುವೆ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ತಡವರಿಸುತ್ತದೆ. ಎದ್ದು ಹೋಗಿ ಚಹಾ ಮಾಡಿಕೊಂಡು ಬನ್ನಿ.

ಆಟ ತೆರೆಯದಿದ್ದರೆ

ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ ಪ್ರೋಟಾನ್ ಎಕ್ಸ್‌ಪೆರಿಮೆಂಟಲ್ ಆರಿಸಿ ನೋಡಿ. ಅದೂ ಆಗದಿದ್ದರೆ ಪ್ರೋಟಾನ್‌ಅಪ್-ಕ್ಯೂಟಿ ಎಂಬ ಆ್ಯಪ್ ಹಾಕಿ ಪ್ರೋಟಾನ್‌ನ ಹೊರಗಿನವರ ಆವೃತ್ತಿಯಾದ ಜಿಇ-ಪ್ರೋಟಾನ್ ಇಳಿಸಿ, ಸ್ಟೀಮ್ ಮುಚ್ಚಿ ತೆರೆದರೆ ಅದೇ ಪಟ್ಟಿಯಲ್ಲಿ ಸಿಗುತ್ತದೆ. ಆಟದ ವಿಡಿಯೋ ದೃಶ್ಯದ ಜಾಗದಲ್ಲಿ ಬಣ್ಣದ ಪಟ್ಟಿ ಕಂಡರೆ ಇದರಿಂದ ಹೆಚ್ಚಾಗಿ ಸರಿಯಾಗುತ್ತದೆ.

ನನ್ನಂತೆ 10 ಸರಣಿಯ ಕಾರ್ಡು ಇರುವವರು ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಆಯ್ಕೆ ಇರುವಲ್ಲೆಲ್ಲ ಡೈರೆಕ್ಟ್‌ಎಕ್ಸ್ 12 ಬಿಡಿ. ಈ ಕಾರ್ಡುಗಳಲ್ಲಿ ಅದರ ಅನುವಾದ ನಿಧಾನ. ರೆಡ್ ಡೆಡ್ 2ರಲ್ಲಿ ವಲ್ಕನ್ ಆರಿಸಿ. ವಿಚರ್ 3ರ ಲಾಂಚರ್‌ನಲ್ಲಿ ಡೈರೆಕ್ಟ್‌ಎಕ್ಸ್ 11 ಆರಿಸಿ. ಬಾಲ್ಡರ್ಸ್ ಗೇಟ್ 3ರಲ್ಲಿ ಇರುವ ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ಎಪಿಕ್ ಮತ್ತು ಜಿಒಜಿಯ ಆಟಗಳಿಗೆ ಹೀರೋಯಿಕ್ ಎಂಬ ಲಾಂಚರ್ ಇದೆ. ಎರಡೂ ಖಾತೆ ಅದರಲ್ಲೇ ಸೇರುತ್ತವೆ. ಎಪಿಕ್‌ನವರು ಗುರುವಾರ ರಾತ್ರಿ ಬಿಟ್ಟಿ ಕೊಡುವ ಆಟವೂ ಅದರಲ್ಲಿ ಬರುತ್ತದೆ. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಕಂಟ್ರೋಲರ್‌ಗಳನ್ನು ಕೇಬಲ್ ಚುಚ್ಚಿದರೆ ಕೂಡಲೇ ಗುರುತಿಸುತ್ತದೆ. ಅಗ್ಗದ ಪ್ಯಾಡ್ ಆದರೆ ಎಕ್ಸ್‌ಇನ್‌ಪುಟ್ ಮೋಡ್‌ಗೆ ಹಾಕಿ.

ಏನು ಆಡಬೇಕು?

ಲಿನಕ್ಸ್‌ಗೆ ಬಂದ ಮೇಲೆ ನಾನು ಆಡುವ ಆಟಗಳೂ ಬದಲಾದವು. ಹೊಸದು ಬಂದ ವಾರವೇ ಕೊಳ್ಳುವುದು ಬಿಟ್ಟೆ. ಎರಡು ವರ್ಷ ಕಾದರೆ ಬೆಲೆ ಇಳಿದಿರುತ್ತದೆ, ದೋಷ ತಿದ್ದಿರುತ್ತಾರೆ, ಪ್ರೋಟಾನ್‌ನಲ್ಲೂ ಹದವಾಗಿರುತ್ತದೆ.

ಮೊದಲು ರಾಜಿ ಆಡಿ. ನಮ್ಮ ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ಆಟ. ತಮ್ಮನನ್ನು ಅಸುರರು ಹೊತ್ತೊಯ್ದಾಗ ಅಕ್ಕ ತ್ರಿಶೂಲ ಹಿಡಿದು ಹೊರಡುತ್ತಾಳೆ. ನಡುವಿನ ಕಥೆಯನ್ನು ತೊಗಲುಗೊಂಬೆಯಾಟದ ರೀತಿ ತೋರಿಸುತ್ತಾರೆ. ಕಾದಾಟ ಅಲ್ಲಲ್ಲಿ ಒರಟು, ಆಟ ಬೇಗ ಮುಗಿಯುತ್ತದೆ. ಆದರೂ ರಾಜಸ್ಥಾನದ ಕೋಟೆಗಳ ಥರದ ಆ ಕಟ್ಟಡಗಳ ನಡುವೆ ನಡೆಯುವಾಗ ಎಲ್ಲೋ ಒಂದು ಕಡೆ ಸುಮ್ಮನೆ ನಿಂತು ನೋಡಬೇಕು ಅನಿಸುತ್ತದೆ. ಇದು ನಮ್ಮ ಕಥೆ ಅನ್ನುವ ಖುಷಿ ಬೇರೆ ಆಟದಲ್ಲಿ ನನಗೆ ಸಿಕ್ಕಿಲ್ಲ.

ಸ್ಟಾರ್‌ಡ್ಯೂ ವ್ಯಾಲಿ, ಹಾಲೋ ನೈಟ್ ಎರಡೂ ಲಿನಕ್ಸ್‌ಗೆಂದೇ ಬಂದಿವೆ, ಪ್ರೋಟಾನ್ ಕೂಡ ಬೇಡ. ಸ್ಟಾರ್‌ಡ್ಯೂವನ್ನು ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಮಿಕ್ಕಿ ಕೂತು ಮಾಡಿ 2016ರಲ್ಲಿ ಕೊಟ್ಟದ್ದು. ಹಾಲೋ ನೈಟ್ ಮಾಡಿದ್ದು ಆಸ್ಟ್ರೇಲಿಯಾದ ಬೆರಳೆಣಿಕೆಯ ಜನ. ಈ ಎರಡರ ಮುಂದೆ 100 ಜಿಬಿಯ ಹಲವು ದೊಡ್ಡ ಆಟಗಳು ನನಗೆ ಬರಿದು ಅನಿಸಿವೆ. ಕೂಡಿ ಆಡುವವರಿಗೆ ಕೌಂಟರ್-ಸ್ಟ್ರೈಕ್ 2, ಡೋಟಾ 2 ಇವೆ, ಅವೂ ಲಿನಕ್ಸ್‌ನವೇ. ಅಣ್ಣನ ಮಗ ಈಗ ಅರ್ಧ ರಾತ್ರಿಗಳಲ್ಲಿ ವ್ಯಾಲೊರಂಟ್ ಬಿಟ್ಟು ಕೌಂಟರ್-ಸ್ಟ್ರೈಕ್ ಆಡುತ್ತಾನೆ, ಗೆಳೆಯರಲ್ಲಿ ಇಬ್ಬರನ್ನು ಎಳೆದುಕೊಂಡಿದ್ದಾನೆ.

ವಿಂಡೋಸ್ ಡಿಸ್ಕನ್ನು ಕೂಡಲೇ ಅಳಿಸಬೇಡಿ. ಅದನ್ನು ಕೊನೆಯ ಸಲ ಯಾವಾಗ ತೆರೆದಿರಿ ಅಂತ ಆ ಆಟದ ಪಟ್ಟಿಯ ಕೆಳಗೇ ಬರೆಯುತ್ತಾ ಹೋಗಿ. ಎರಡು ತಿಂಗಳು ತೆರೆಯದೇ ಇದ್ದರೆ ಅದನ್ನೂ ಇಎಕ್ಸ್‌ಟಿ4 ಮಾಡಿ. ನಾನು ನನ್ನ ಬಿಡಿ ಡಿಸ್ಕಿನಲ್ಲಿ ವಿಂಡೋಸ್‌ನ ಒಂದು ನಕಲು ಇಟ್ಟುಕೊಂಡಿದ್ದೆ. ಕಳೆದ ತಿಂಗಳು ಅಳಿಸಿದೆ. ಆ ಜಾಗದಲ್ಲಿ ಈಗ ರೆಡ್ ಡೆಡ್ 2 ಇದೆ.